ದೊರೆಯ ಪಥ್ಯ

ಜರಗನಹಳ್ಳಿಯ ಬೈರಣ್ಣನ ಮನೆಯಲ್ಲಿ ತಾತನ ಕಾಲದಿಂದ ಒಂದು ಕಟ್ಟಳೆ: ನಾಯಿಗೆ ಹಾಕದೆ ಬಾಯಿಗೆ ಹಾಕಬಾರದು. ಮನೆದೇವರು ಕಾಲಭೈರವ, ನಾಯಿ ಆತನ ವಾಹನ. ಮುದ್ದೆ ಮುರಿದರೆ ಮೊದಲ ತುತ್ತು ನಾಯಿಗೆ, ಹಬ್ಬಕ್ಕೆ ಹೋಳಿಗೆ ಬೆಂದರೆ ಮೊದಲ ಚೂರು ನಾಯಿಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದವು, ಕಟ್ಟಳೆ ಮಾತ್ರ ಅಲ್ಲಾಡಲಿಲ್ಲ. ಒಳ್ಳೆಯ ಕಟ್ಟಳೆಯೇ, ನಾನು ಬೇಡ ಅನ್ನುವುದಿಲ್ಲ. ಆದರೆ ಕೇಡು ಯಾವಾಗಲೂ ಬಾಗಿಲು ಒದ್ದುಕೊಂಡೇ ಬರುತ್ತದೆ ಎಂದುಕೊಂಡವರು ದಡ್ಡರು. ಬೈರಣ್ಣನ ಮನೆಗೆ ಅದು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದುಕೊಂಡು, ಆ ಕಟ್ಟಳೆಯ ಬೆನ್ನ ಹಿಂದೆಯೇ ಒಳಗೆ ಬಂತು.

ಈಗಿನ ನಾಯಿಯ ಹೆಸರು ದೊರೆ. ಹೆಸರಿಗೆ ದೊರೆ, ತೂಕ ಏಳೇ ಕೆಜಿ. ಸಾರಕ್ಕಿ ಮಾರ್ಕೆಟ್ಟಿನ ಸೊಪ್ಪಿನ ರಾಶಿಯ ಹಿಂದೆ ಸಿಕ್ಕ ಮರಿ ಅದು. ಬೈರಣ್ಣ ಎಲ್ಲಿ ಕುಳಿತರೂ ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿತ್ತು.

ಬೈರಣ್ಣನಿಗೆ ಸಕ್ಕರೆ ಕಾಯಿಲೆ ಬಂದದ್ದು ಹೋದ ವರ್ಷ. ಬಾಯಾರಿಕೆ, ಗಳಿಗೆಗೊಮ್ಮೆ ಬಚ್ಚಲು, ಪರೀಕ್ಷೆ ಮಾಡಿಸಿದರೆ ಮುನ್ನೂರರ ಮೇಲೆ. ಅವನ ಅಣ್ಣನಿಗೆ ಇದೇ ಕಾಯಿಲೆಯಲ್ಲಿ ಕಾಲು ಕತ್ತರಿಸಿದ್ದರು. ಆ ಮೊಂಡುಗಾಲಿಗೆ ಬಟ್ಟೆ ಸುತ್ತುವುದನ್ನು ಬೈರಣ್ಣ ಎರಡು ವರ್ಷ ಕಣ್ಣಾರೆ ನೋಡಿದ್ದ. ಹೆದರಿ ಜೇಪಿ ನಗರದಲ್ಲಿ ಸಮನ್ವಿತಾ ಎಂಬ ಡಯಟೀಷಿಯನ್ ಹತ್ತಿರ ಹೋದ. ಊಟದ ಮೇಲೆ ಸಿಹಿ ಇಲ್ಲದಿದ್ದರೆ ಊಟವೇ ಆದಂತಿಲ್ಲ ಎಂದು ಅಲವತ್ತುಕೊಂಡ.

"ಅದಕ್ಕೂ ದಾರಿ ಇದೆ ಸಾರ್," ಅಂದಳು ಆಕೆ. "ಮಧ್ಯಾಹ್ನ ಊಟ ಆದ್ಮೇಲೆ ಎರಡು ತುಂಡು ಡಾರ್ಕ್ ಚಾಕೊಲೇಟ್ ತಗೊಳ್ಳಿ. ಕೋಕೋ ಎಪ್ಪತ್ತು ಪರ್ಸೆಂಟಿಗಿಂತ ಮೇಲಿರಬೇಕು. ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ, ಮೊದಲನೇ ಹೆಸರೇ ಸಕ್ಕರೆ ಅಂತಿದ್ರೆ ಅಲ್ಲೇ ಇಟ್ಟು ಬನ್ನಿ. ಇದರಲ್ಲಿ ನಾರಿದೆ, ಕಬ್ಬಿಣ, ಮೆಗ್ನೀಷಿಯಂ ಇದೆ. ಕೊಬ್ಬೂ ಇದೆ, ನೂರು ಗ್ರಾಂಗೆ ಹತ್ತಿರಹತ್ತಿರ ಆರುನೂರು ಕ್ಯಾಲೊರಿ. ಅದಕ್ಕೇ ಎರಡೇ ತುಂಡು. ಇದು ಔಷಧಿ ಅಲ್ಲ, ಜಿಲೇಬಿ ಬದಲಿಗೆ ಅಷ್ಟೆ."

ಕೊನೆಯ ಮಾತು ಬೈರಣ್ಣನ ಕಿವಿಗೆ ಬಿದ್ದಿತೋ ಇಲ್ಲವೋ. ಮೂರು ತಿಂಗಳಲ್ಲಿ ಸಕ್ಕರೆ ನೂರ ನಲವತ್ತಕ್ಕೆ ಇಳಿಯಿತು. ಜಿಲೇಬಿ ಬಿಟ್ಟದ್ದರಿಂದ, ಮಾತ್ರೆಯಿಂದ, ದಿನಾ ಪುಟ್ಟೇನಹಳ್ಳಿ ಕೆರೆ ಸುತ್ತಿದ್ದರಿಂದ ಇಳಿದದ್ದು ಅದು. ಅವನು ಮಾತ್ರ ಎಲ್ಲ ಪುಣ್ಯವನ್ನೂ ಚಾಕೊಲೇಟಿಗೆ ಬರೆದುಕೊಟ್ಟ. "ದಿನಕ್ಕೆ ಎರಡೇ ತಾನೇ ಸಾರ್?" ಎಂದು ಸಮನ್ವಿತಾ ಕೇಳಿದಾಗ, "ಒಂದೇ ಮೇಡಂ" ಎಂದು ಎದೆಯುಬ್ಬಿಸಿದ. ಆಕೆ ಶಹಬ್ಬಾಸ್ ಅಂದಳು. ಇನ್ನೊಂದು ಎಲ್ಲಿ ಹೋಗುತ್ತದೆ ಎಂದು ಆಕೆ ಕೇಳಲಿಲ್ಲ, ಕೇಳಬೇಕೆಂದು ಹೊಳೆಯುವ ವಿಷಯವೂ ಅಲ್ಲ. ಅದು ದಿನಾ ಮಧ್ಯಾಹ್ನ ದೊರೆಯ ಹೊಟ್ಟೆಗೆ ಹೋಗುತ್ತಿತ್ತು.

ನಾಲಿಗೆ ಪಳಗಿದ ಹಾಗೆ ಬೈರಣ್ಣ ಕೋಕೋ ಪರ್ಸೆಂಟಿನ ಮೆಟ್ಟಿಲು ಹತ್ತಿದ. ಎಪ್ಪತ್ತಾಯಿತು, ಎಂಬತ್ತೈದಾಯಿತು, ಕಡೆಗೆ ಜಯನಗರದ ಒಂದು ಅಂಗಡಿಯಲ್ಲಿ ತೊಂಬತ್ತೊಂಬತ್ತೇ ಸಿಕ್ಕಿತು. ಎಸ್ಸೆಸ್ಸೆಲ್ಸಿಯಲ್ಲಿ ಕಾಣದ ಮಾರ್ಕು ಈಗ ಬಂತು ಎಂದು ಕೆರೆಯ ಹತ್ತಿರದ ಗೆಳೆಯರಿಗೆಲ್ಲ ಪೊಟ್ಟಣ ತೋರಿಸಿದ. ಹೆಂಡತಿ ಗೌರಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ಹಾಗಲಕಾಯಿಗೆ ಅಪ್ಪ ಇದು" ಎಂದು ಉಗಿದಳು. ದೊರೆಯೂ ಮೊದಲ ದಿನ ಮುಖ ತಿರುಗಿಸಿತು. ಬೈರಣ್ಣ ತುಪ್ಪ ಸವರಿ ಕೊಟ್ಟ. ತಿಂದಿತು.

ಹದಿನೈದು ದಿನ ಕಳೆದಿರಬಹುದು. ದೊರೆಯ ನೀರಿನ ಬಟ್ಟಲು ಮಧ್ಯಾಹ್ನದೊಳಗೆ ಎರಡು ಸಲ ಬರಿದಾಗತೊಡಗಿತು. ಎಂದೂ ಮನೆಯೊಳಗೆ ಹೊಲಸು ಮಾಡದ ನಾಯಿ ಜಗುಲಿಯ ಮೂಲೆಯಲ್ಲಿ ಒದ್ದೆ ಮಾಡಿ ತಲೆ ತಗ್ಗಿಸಿ ನಿಂತಿತು. ಕುಳಿತಲ್ಲಿ ಕೂರದು, ಗೋಡೆಯಿಂದ ಗೋಡೆಗೆ ಸುಮ್ಮನೆ ಓಡಾಟ. ಒಂದು ಬೆಳಿಗ್ಗೆ ಗೌರಮ್ಮ ಅದರ ಪಕ್ಕೆಯ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ.

"ರೀ, ಇಲ್ಲಿ ಬನ್ನಿ. ಇವನ ಎದೆ ಹೊಲಿಗೆ ಮಿಷನ್ ಥರ ಹೊಡ್ಕೊಳ್ತಿದೆ."

ಬೈರಣ್ಣ ಮುಟ್ಟಿ ನೋಡಿದ, ಬರಿದಾದ ಬಟ್ಟಲನ್ನೂ ನೋಡಿದ. ಬಾಯಾರಿಕೆ, ಗಳಿಗೆಗೊಮ್ಮೆ ಉಚ್ಚೆ. "ಅಯ್ಯೋ ಗೌರಿ," ಅಂದ, "ದೊರೆಗೂ ಸಕ್ಕರೆ ಬಂದುಬಿಟ್ಟಿದೆ ಕಣೇ."

"ನಾಯಿ ಡಾಕ್ಟ್ರಿಗೆ ತೋರ್ಸೋಣ."

"ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀಬೇಕಾ? ಈ ಕಾಯ್ಲೇನ ನನಗಿಂತ ಚೆನ್ನಾಗಿ ಯಾರು ಬಲ್ಲರು? ನನ್ನನ್ನ ಉಳಿಸಿದ ಪಥ್ಯ ಅವನನ್ನ ಉಳಿಸಲ್ವಾ?"

ಗೌರಮ್ಮನಿಗೆ ಸಮಾಧಾನವಾಗಲಿಲ್ಲ. ಆದರೂ ಗಂಡ ನಿಜವಾಗಿ ಚೇತರಿಸಿಕೊಂಡದ್ದು ಕಣ್ಣೆದುರಿಗಿತ್ತು. ಬೈರಣ್ಣ ಅಂದೇ ದೊರೆಯ ಹಾಲು ನಿಲ್ಲಿಸಿದ, ಅನ್ನ ನಿಲ್ಲಿಸಿದ, ಬಿಸ್ಕತ್ತಿನ ಡಬ್ಬಿ ಬೀರುವಿನ ಮೇಲಿಟ್ಟ. ಬೇಯಿಸಿದ ಕೋಳಿ, ಸೊಪ್ಪು, ಅದರ ಮೇಲೆ ತೊಂಬತ್ತೊಂಬತ್ತರ ಒಂದು ತುಂಡು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ತನ್ನ ಪಾಲಿನದನ್ನೂ ಅದಕ್ಕೇ ಕೊಟ್ಟ. ಅಣ್ಣನ ಕಾಲು ಕನಸಿನಲ್ಲಿ ಬರುತ್ತಿತ್ತು. ದೊರೆಗೆ ಆ ಗತಿ ಬರಬಾರದು ಎಂಬುದೊಂದೇ ಅವನ ತಲೆಯಲ್ಲಿ ಇದ್ದದ್ದು. ಅಷ್ಟು ಶ್ರದ್ಧೆಯಿಂದ ಅವನು ತನ್ನ ಮಾತ್ರೆಯನ್ನೂ ನುಂಗಿದವನಲ್ಲ.

ಎರಡನೇ ದಿನ ದೊರೆ ಎರಡು ಸಲ ಕಕ್ಕಿತು. ಮೂರನೇ ದಿನ ಬೆಳಿಗ್ಗೆ ಅದರ ಹಿಂಗಾಲು ನಡುಗುತ್ತಿದ್ದವು, ಬಾಯಲ್ಲಿ ನೊರೆ, ಕಣ್ಣು ಅಗಲ ಬಿಟ್ಟು ಎಲ್ಲಿಯೋ ನೋಡುತ್ತಿತ್ತು. ನಿಶ್ಶಕ್ತಿ ಇರಬೇಕೆಂದು ಬೈರಣ್ಣ ಇನ್ನೊಂದು ತುಂಡು ತಿನ್ನಿಸಿದ. ಗೌರಮ್ಮ ಈ ಸಲ ಅವನನ್ನು ಕೇಳಲಿಲ್ಲ. ರಸ್ತೆಗಿಳಿದು ಆಟೋ ನಿಲ್ಲಿಸಿ, ಹಳೆಯ ಸೀರೆಯಲ್ಲಿ ನಾಯಿಯನ್ನು ಸುತ್ತಿಕೊಂಡು ಕುಳಿತಳು. ಬೈರಣ್ಣ ಹಿಂದೆಯೇ ಹತ್ತಿದ. ಕನಕಪುರ ರಸ್ತೆಯ ಪ್ರತಿಯೊಂದು ಸಿಗ್ನಲ್ಲಿನಲ್ಲೂ ಕೆಂಪು ದೀಪ. ಅವಳ ಮಡಿಲಲ್ಲಿ ಆ ಮೈ ಬಿಗಿಯಾಗುವುದು, ಸಡಿಲವಾಗುವುದು, ಮತ್ತೆ ಬಿಗಿಯಾಗುವುದು.

ಬನಶಂಕರಿಯ ಪಶುವೈದ್ಯ ಸೋಮನಾಥ್ ಎದೆಗೆ ಸ್ಟೆತಸ್ಕೋಪ್ ಇಟ್ಟ ಕೂಡಲೇ ಹುಬ್ಬು ಗಂಟಿಕ್ಕಿದರು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುತ್ತ, "ಏನು ತಿಂದ?" ಎಂದು ಕೇಳಿದರು.

"ಕೆಟ್ಟದ್ದು ಒಂದೂ ತಿಂದಿಲ್ಲ ಸಾರ್. ಸಕ್ಕರೆ ಇದೆ ಅಂತ ಪಥ್ಯದಲ್ಲಿ ಇಟ್ಟಿದ್ದೀನಿ. ನಾನು ತಿನ್ನೋದೇ ಅವನಿಗೂ." ಬೈರಣ್ಣ ಜೇಬಿನಿಂದ ಪೊಟ್ಟಣ ತೆಗೆದು, ಇಂಥ ಒಳ್ಳೆಯದು ನೋಡಿ ಎಂಬಂತೆ ಮೇಜಿನ ಮೇಲಿಟ್ಟ.

ಡಾಕ್ಟರು ಓದಿದರು. "ದಿನಕ್ಕೆ ಎಷ್ಟು?"

"ಮೂರು. ಇವತ್ತು ಒಂದು ಜಾಸ್ತಿ."

"ಇದು ನಾಯಿಗೆ ವಿಷ." ಅವರು ದನಿ ಏರಿಸಲಿಲ್ಲ. "ಕೋಕೋದಲ್ಲಿರೋದನ್ನ ನಮ್ಮ ಮೈ ಬೇಗ ಅರಗಿಸುತ್ತೆ. ಇವರ ಮೈಲಿ ಇಳಿಯೋದು ತುಂಬ ನಿಧಾನ, ಹಿಂದಿನದು ಹೋಗೋ ಮೊದಲೇ ಮುಂದಿನದು ಸೇರ್ಕೊಳ್ಳುತ್ತೆ. ಪರ್ಸೆಂಟ್ ಏರಿದಷ್ಟೂ ವಿಷ ಜಾಸ್ತಿ. ಬಾಯಾರಿಕೆ, ಉಚ್ಚೆ ಎಲ್ಲ ಇದರಿಂದಲೇ ಬಂದಿದ್ದು."

"ಹಾಗಾದ್ರೆ ಸಕ್ಕರೆ?"

"ನೂರ ನಾಲ್ಕು. ಇವನಿಗೆ ಸಕ್ಕರೆ ಕಾಯಿಲೆ ಇಲ್ಲ."

ಬೈರಣ್ಣ ಮೇಜಿನ ಮೇಲಿದ್ದ ಪೊಟ್ಟಣ ನೋಡಿದ. ಆ ತುಂಡುಗಳನ್ನು ಒಂದೊಂದಾಗಿ ಮುರಿದದ್ದು, ತುಪ್ಪ ಸವರಿದ್ದು, ಬೇಡವೆಂದು ತಿರುಗಿದ ಮುಖವನ್ನು ಮುದ್ದು ಮಾಡಿ ತಿರುಗಿಸಿಕೊಂಡದ್ದು, ಎಲ್ಲ ನೆನಪಾಯಿತು. ನಾಚಿಕೆಯಿಂದ ಹೆಂಡತಿಯ ಕಡೆ ನೋಡಲಾರದೆ ಹೋದ.

ಡಾಕ್ಟರು ಎದೆಬಡಿತ ಇಳಿಸಲು ಇಂಜೆಕ್ಷನ್ ಕೊಟ್ಟರು. ಹೊಟ್ಟೆಯಲ್ಲಿರುವ ವಿಷ ಹೀರಲು ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿದರು, ಕಪ್ಪು ರಾಗಿ ಸರಿಯಂತೆ. ಅವರ ಸಹಾಯಕಿ ಬಾಯಿ ಬಿಡಿಸಲು ಹೋದರೆ ದೊರೆ ಹಲ್ಲು ಕಚ್ಚಿ ಹಿಡಿಯಿತು.

"ನೀವೇ ಕೊಡಿ," ಅಂದರು ಡಾಕ್ಟರು. "ಎದೆ ತಡ್ಕೊಂಡ್ರೆ ಉಳೀತಾನೆ. ನಾಲ್ಕು ಗಂಟೆ ಬಿಟ್ಟು ಇನ್ನೊಂದ್ಸಲ ಕೊಡಬೇಕು."

ಬೈರಣ್ಣ ಎರಡೂ ಕೈ ಬೆನ್ನ ಹಿಂದಕ್ಕೆ ಕಟ್ಟಿಕೊಂಡ. "ನನ್ನ ಕೈ ಬೇಡ ಸಾರ್."

"ಕೊಡ್ರೀ," ಅಂದಳು ಗೌರಮ್ಮ.

ಅಂಗೈ ತುಂಬ ಆ ಕಪ್ಪು ಸವರಿಕೊಂಡು ಅವನು ಮುಂದೆ ಚಾಚಿದ. ಮುಖ ತಿರುಗಿಸಲಿ, ಕಚ್ಚಲಿ ಎಂದು ಒಳಗೊಳಗೇ ಬೇಡಿಕೊಂಡ. ದೊರೆ ನಡುಗುವ ಕತ್ತನ್ನು ಕಷ್ಟಪಟ್ಟು ಎತ್ತಿತು. ಏನೆಂದು ನೋಡಲಿಲ್ಲ, ನೆಕ್ಕತೊಡಗಿತು.

"ಮೂಸಿ ನೋಡೋ," ಅಂದ ಬೈರಣ್ಣ. "ಒಂದ್ಸಲ ಮೂಸಿಯಾದ್ರೂ ನೋಡೋ ದೊರೆ."

ಎರಡನೆಯ ಸಲದ ಮದ್ದು ಕಲಸುವ ಪ್ರಮೇಯ ಬರಲಿಲ್ಲ, ಅಷ್ಟರೊಳಗೇ ದೊರೆಯ ಎದೆ ನಿಂತುಹೋಯಿತು. ಡಾಕ್ಟರು ಸ್ಟೆತಸ್ಕೋಪ್ ಕಿವಿಯಿಂದ ತೆಗೆದ ಮೇಲೆ ಗೌರಮ್ಮ ಗಂಡನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಅವನ ಕೈಯನ್ನು ನೀರಿಗೆ ಹಿಡಿದಳು. ಅಂಗೈಯಲ್ಲಿ ತೊಳೆಯುವುದಕ್ಕೆ ಏನೂ ಇರಲಿಲ್ಲ. ದೊರೆ ಎಲ್ಲವನ್ನೂ ನೆಕ್ಕಿ ಮುಗಿಸಿತ್ತು.