ಉದ್ಯೋಗ ಬರುತ್ತದಂತೆ

ಒಂದು ಕಂಪನಿ ಎಂಥದ್ದು ಅಂತ ತಿಳಿಯಬೇಕಾದರೆ ಅದರ ಬೋರ್ಡು ನೋಡಬಾರದು, ಅದರ ಜನ ಬೆಳಿಗ್ಗೆ ಎಲ್ಲಿ ತಿಂಡಿ ತಿನ್ನುತ್ತಾರೆ ಅಂತ ನೋಡಬೇಕು. ನನ್ನ ಅರ್ಥಶಾಸ್ತ್ರ ಇಷ್ಟೇ. ನಾನು ಸತ್ಯಭಾಮಾ, ರಬಾಳೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಹಳೇ ಬಣ್ಣದ ಕಾರ್ಖಾನೆಯ ಗೇಟಿನ ಎದುರು ಶಾಕಾಹಾರಿ ಹೋಟೆಲು ನಡೆಸುವವಳು. ಲೈಸೆನ್ಸಿನಲ್ಲಿ ಗಂಡ ಕಿಟ್ಟುವಿನ ಹೆಸರುಂಟು, ಅಂಗಡಿಯವರ ಸೊಸೈಟಿಯ ಸದಸ್ಯತ್ವ ಮತ್ತು ಗಲ್ಲಾಪೆಟ್ಟಿಗೆ ನನ್ನದು. ಉಡುಪಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಕಾರ್ಖಾನೆಯ ಸೈರನ್ನು, ಇಲ್ಲಿನವರ ಭೋಂಗಾ, ಕೂಗಿದರೆ ಸಾಕು, ಪಾಳಿ ಬಿಟ್ಟ ಕಾರ್ಮಿಕರು ಕೈಗೆ ನೀಲಿ ಹಳದಿ ಮೆತ್ತಿಕೊಂಡೇ ಒಳಗೆ ನುಗ್ಗುತ್ತಿದ್ದರು. ಎಷ್ಟು ತೊಳೆದರೂ ಆ ಬಣ್ಣ ಬಿಡುತ್ತಿರಲಿಲ್ಲ, ಇಡ್ಲಿಗೂ ಸ್ವಲ್ಪ ಹತ್ತುತ್ತಿತ್ತು. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆಮೇಲೆ ದೇಶದ ಬಾಗಿಲು ತೆರೆಯಿತು ಅಂತ ಪೇಪರಿನಲ್ಲಿ ಬಂತು. ತೆರೆದ ಬಾಗಿಲು ಯಾವುದೋ ನನಗೆ ಕಾಣಲಿಲ್ಲ, ಮುಚ್ಚಿದ್ದು ಮಾತ್ರ ನಮ್ಮೆದುರಿನ ಗೇಟು. ಅದೇ ಬಣ್ಣ ಹೊರಗಿನಿಂದ ಅಗ್ಗಕ್ಕೆ ಹಡಗಿನಲ್ಲಿ ಬಂದಿಳಿಯುವಾಗ ಇಲ್ಲಿ ಕಲಸುವವನಿಗೆ ಯಾರು ಸಂಬಳ ಕೊಡುತ್ತಾರೆ? ಬೀಗ ಬಿತ್ತು. ಕೆಲ ವರ್ಷಕ್ಕೆ ಪಕ್ಕದ ಐರೋಲಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದವು, ಕುತ್ತಿಗೆಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡ ಮಕ್ಕಳು ಮಸಾಲೆ ದೋಸೆಗೆ ಬಂದರು. ಮತ್ತೆ ಕೆಲ ವರ್ಷಕ್ಕೆ ಗಾಜಿನೊಳಗೇ ಫುಡ್ ಕೋರ್ಟು ಆಯಿತು, ಮಕ್ಕಳು ಹೊರಗೆ ಬರುವುದು ನಿಂತಿತು. ಈಗ ರಿಕ್ಷಾದವರು, ಟ್ರಕ್ಕಿನವರು, ವಾಚ್‌ಮನ್ನರು ನಮ್ಮನ್ನು ಸಾಕುತ್ತಿದ್ದಾರೆ.

ನಮ್ಮ ಸಾಲಿನಲ್ಲಿರುವುದೆಲ್ಲ ಇಂಥ ಸಣ್ಣ ಅಂಗಡಿಗಳೇ. ಇಲ್ಲಿ ಅದಕ್ಕೆ ಗಾಳಾ, ಗಾಳೆ ಅನ್ನುತ್ತಾರೆ. ಪಕ್ಕದ ಗಾಳಾದಲ್ಲಿ ವಿಜಾಪುರದ ಕಡೆಯ ರತ್ನಾಬಾಯಿಯ ರೊಟ್ಟಿ ಖಾನಾವಳಿ. ಅದರಾಚೆ ಮುಂಡಪ್ಪನ ಬೇಕರಿ. ವಿಶಾಲ್ ಅನ್ನುವವನು ಸಾಲಿನ ಅರ್ಧ ಗಾಳೆಗಳನ್ನೇ ಕೊಂಡು ಬಾಡಿಗೆಗೆ ಬಿಟ್ಟಿದ್ದಾನೆ. ಆದರೆ ಸೊಸೈಟಿಯ ನಿಯಮ ಒಂದು ಚಂದವುಂಟು: ಎಷ್ಟು ಗಾಳೆ ಇದ್ದರೂ ಒಬ್ಬರಿಗೆ ಒಂದೇ ಮತ. ಸಭೆಯಲ್ಲಿ ವಿಶಾಲನ ಉಂಗುರದ ಕೈಯೂ ರತ್ನಾಬಾಯಿಯ ಹಿಟ್ಟು ಹತ್ತಿದ ಕೈಯೂ ಒಂದೇ ಲೆಕ್ಕ. ಆ ಸಭೆಗೆ ಹೋಗುವುದೆಂದರೆ ನನಗೆ ಹಬ್ಬ.

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಮುಚ್ಚಿದ ಕಾರ್ಖಾನೆಯ ಜಾಗವನ್ನು ಹೊರದೇಶದ ಕಂಪನಿಯೊಂದು ಕೊಂಡಿತು. ಡೇಟಾ ಸೆಂಟರ್ ಕಟ್ಟುತ್ತಾರಂತೆ. ಅದಕ್ಕೆ ಅಗಲದ ರಸ್ತೆ ಬೇಕು, ಕರೆಂಟಿನ ಸ್ಟೇಶನ್ನು ಬೇಕು, ನಮ್ಮ ಸಾಲು ಅಡ್ಡ. ಸಾಲು ಬಿಟ್ಟುಕೊಟ್ಟರೆ ಹಿಂದೆ ಕೊಳಚೆ ನಾಲೆಯ ಪಕ್ಕ ಹೊಸ ಗಾಳೆ ಕಟ್ಟಿಸಿಕೊಡುತ್ತೇವೆ ಅಂದರು. ಮೂಗು ಮುಚ್ಚಿಕೊಂಡು ದೋಸೆ ತಿನ್ನುವ ವಿದ್ಯೆ ಮನುಷ್ಯನಿಗೆ ಇನ್ನೂ ಬಂದಿಲ್ಲ, ಆಗುವುದಿಲ್ಲ ಅಂತ ಹೇಳಲಿಕ್ಕೇ ನಾನು ಮೊದಲ ಸಭೆಗೆ ಹೋದದ್ದು.

ಕಂಪನಿಯ ಸಾಹೇಬ ಒಳ್ಳೆಯ ಶುದ್ಧ ಮರಾಠಿಯಲ್ಲಿ ಮಾತಾಡಿದ. ಕೊನೆಗೆ ಕೈ ಚಾಚಿ, "ಇಥೇ ಮೋಠಾ ಉದ್ಯೋಗ ಯೇಣಾರ್!" ಅಂದ.

ನಮ್ಮ ಸೊಸೈಟಿಯ ಸೆಕ್ರೆಟರಿ ಪ್ರಭುದೇವ, ಬಣ್ಣದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದವನು, ನಮ್ಮ ಸಾಲಿನಲ್ಲೇ ಈಗ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ದಿನಾ ಠಾಕುರ್ಲಿಯಿಂದ ಬರುತ್ತಾನೆ. ಸಾಲಿನಲ್ಲಿ ಮೂರರಲ್ಲೊಂದು ಪಾಲು ಕನ್ನಡದವರು. ಸಾಹೇಬರ ಮಾತನ್ನು ನಮಗೆ ಕನ್ನಡಕ್ಕೆ ತಿರುಗಿಸುವುದು ಯಾವತ್ತೂ ಅವನ ಕೆಲಸ. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಇಲ್ಲಿ ದೊಡ್ಡ ಉದ್ಯೋಗ ಬರ್ತದಂತ್ರೀ!"

ಅಷ್ಟೇ ಸಾಕಾಯಿತು. ಮುಂಡಪ್ಪ ಚಪ್ಪಾಳೆ ತಟ್ಟಿದ. ರತ್ನಾಬಾಯಿ ನನ್ನ ತೋಳು ಹಿಡಿದುಕೊಂಡಳು. ಅವಳ ಮಗ ಚಂದ್ರಾಮ ಐಟಿಐ ಪಾಸು ಮಾಡಿ ಈಗ ಬೈಕಿನಲ್ಲಿ ಮನೆಮನೆಗೆ ಪಾರ್ಸೆಲು ಒಯ್ಯುತ್ತಾನೆ. "ಅಕ್ಕಾ, ನನ್ನ ಚಂದ್ರಾಮಗ ಮನಿ ಮುಂದ ಉದ್ಯೋಗ ಬಂತು" ಅಂದಳು, ಕಣ್ಣು ಒದ್ದೆಯಾಗಿತ್ತು. ನನಗೂ ಒಳಗೆ ಆಸೆ ಚಿಗುರಿತು. ಸಾವಿರಾರು ಜನ ಕೆಲಸಕ್ಕೆ ಬಂದರೆ ನಾಲೆಯೇನು, ಸಮುದ್ರದ ಹಿನ್ನೀರಿನ ಖಾಡಿಯ ಕೆಸರಿಗೂ ತಿಂಡಿ ಹುಡುಕಿಕೊಂಡು ಬರುತ್ತಾರೆ. ಮುಂದಿನ ಭಾನುವಾರ ಸಾಲು ಬಿಟ್ಟುಕೊಡುವ ಠರಾವಿಗೆ ಕೈ ಎತ್ತುವುದು ಅಂತ ಕನ್ನಡದವರೆಲ್ಲ ಒಟ್ಟಾಗಿ ತೀರ್ಮಾನಿಸಿದೆವು. ರತ್ನಾಬಾಯಿ ಶೇಂಗಾ ಹೋಳಿಗೆ ಹಂಚಿದಳು.

ರಾತ್ರಿ ಊಟಕ್ಕೆ ಕೂತಾಗ ಮಗಳು ನಿಶಾಳಿಗೆ ಸುದ್ದಿ ಹೇಳಿದೆ. ಅವಳು ಐರೋಲಿಯಲ್ಲೇ ಹುಟ್ಟಿದವಳು. ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿ ಇಲ್ಲ ಹಿಂದಿ. ಅವಳು ನಕ್ಕಳು.

"ಮಮ್ಮೀ, ತೂ ಪಣ್ ನಾ! ಉದ್ಯೋಗ್ ಮ್ಹಣಜೇ ಇಂಡಸ್ಟ್ರಿ. ನೋಕರೀ ನಾಹೀ."

"ಉದ್ಯೋಗ ಪಂಡ ಬೇಲೆ ಅತ್ತೇ?" ಅಂದ ಕಿಟ್ಟು ತುಳುವಿನಲ್ಲಿ. ಉದ್ಯೋಗ ಅಂದರೆ ಕೆಲಸ ಅಲ್ಲವೇ ಅಂತ ಪಾಪ, ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ವಹಾಂ ಆದ್ಮೀ ನಹೀ ರೆಹತೇ ಪಪ್ಪಾ, ಮಶೀನ್ ರೆಹತೇ ಹೈಂ. ಸರ್ವರ್." ಅಂದಳು ನಿಶಾ; ಅಲ್ಲಿ ಮನುಷ್ಯರಿರುವುದಿಲ್ಲವಂತೆ, ಬರೀ ಯಂತ್ರಗಳಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಊರಿನಲ್ಲಿ ಇಷ್ಟು ವರ್ಷ ತರಕಾರಿ ಚೌಕಾಸಿ ಮಾಡಿದ್ದು, ಮುನಸಿಪಾಲ್ಟಿಯವರೊಂದಿಗೆ ಜಗಳಾಡಿದ್ದು ಎಲ್ಲ ಮರಾಠಿಯಲ್ಲೇ. ಉದ್ಯೋಗ ಅಂದರೆ ಇಲ್ಲಿ ಕಾರ್ಖಾನೆ, ಕಂಪನಿ, ನಾವು ಉದ್ಯಮ ಅನ್ನುತ್ತೇವಲ್ಲ ಅದು; ಯಾರಾದರೂ ಬೇರೆ ದಿನ ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಆದರೆ ಬೇಕು ಬೇಕು ಅಂತ ಕಾಯುತ್ತಿದ್ದ ಮಾತು ಕಿವಿಗೆ ಬಿದ್ದರೆ ಅದು ತಾಯಿಭಾಷೆಯಲ್ಲೇ ಕೇಳಿಸುತ್ತದೆ. ಸಾಹೇಬ ಸುಳ್ಳು ಹೇಳಿರಲಿಲ್ಲ. ನಮ್ಮ ಕಿವಿಯ ಮೇಲೆ ನಾವೇ ಹೂವಿಟ್ಟುಕೊಂಡಿದ್ದೆವು.

ಮರುದಿನ ರತ್ನಾಬಾಯಿಗೆ ಹೇಳಿದರೆ ಅವಳು ನಂಬಲೊಲ್ಲಳು. "ನಿಮ್ಮ ಮಗಳಿಗೇನ ಗೊತ್ತು ಕನ್ನಡ? ಉದ್ಯೋಗ ಅಂದ್ರ ಉದ್ಯೋಗ" ಅಂತ ಮುಖ ತಿರುಗಿಸಿದಳು. ನಾನೂ ಬಿಡುವವಳಲ್ಲ. "ವಾದ ಬೇಡ ಮಾರಾಯ್ತಿ, ಕಣ್ಣಾರೆ ನೋಡಿ ಬರುವ" ಅಂತ ಸಂಜೆ ಅವಳನ್ನು ರಿಕ್ಷಾ ಹತ್ತಿಸಿ ಮಹಾಪೆಗೆ ಕರೆದುಕೊಂಡು ಹೋದೆ. ಅಲ್ಲಿ ಅಂಥದೇ ಒಂದು ಡೇಟಾ ಸೆಂಟರ್ ನಡೆಯಲು ಶುರುವಾಗಿ ವರ್ಷವಾಗಿದೆ.

ಕಿಟಕಿಯೇ ಇಲ್ಲದ ಗೋಡೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ. ಒಳಗಿನಿಂದ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಪಕ್ಕದ ವಸತಿಯ ಹೆಂಗಸರು ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತಿದ್ದರು. ಕಟ್ಟಡಕ್ಕೆ ಮಾತ್ರ ತೊಡೆಯಷ್ಟು ದಪ್ಪದ ಪೈಪು ಒಳಗೆ ಹೋಗಿತ್ತು. ಯಂತ್ರಕ್ಕೆ ಸೆಕೆಯಾಗುತ್ತದಂತೆ, ತಣ್ಣಗಿಡಬೇಕಂತೆ. ನಾವು ಗೇಟಿನ ಎದುರು ಪಾಳಿ ಬಿಡುವುದನ್ನು ಕಾದು ನಿಂತೆವು. ಎಲ್ಲಾ ಕಾರ್ಖಾನೆಯಲ್ಲೂ ಸಂಜೆಯಾದರೆ ಜನ ಹೊರಗೆ ಬರಲೇಬೇಕಲ್ಲ.

ಒಂದು ಕಪ್ಪು ಗಾಜಿನ ಕಾರು ಹೋಯಿತು. ಗಿಡಕ್ಕೆ ನೀರು ಹಾಕುವವನೊಬ್ಬ ಚಪ್ಪಲಿ ಎಳೆಯುತ್ತಾ ಹೋದ. ಆಮೇಲೆ ಯಾರೂ ಬರಲಿಲ್ಲ. ದೀಪ ಹತ್ತಿತು. ಕೊನೆಗೆ ಗಾರ್ಡೇ ಬಂದು ಏನು ಬೇಕು ಅಂತ ಕೇಳಿದ. ಛುಟ್ಟಿ ಯಾವಾಗ, ಪಾಳಿ ಬಿಡುವುದು ಎಷ್ಟು ಹೊತ್ತಿಗೆ ಅಂದೆ.

"ಛುಟ್ಟಿ? ಕಿಸ್ಕೀ ಛುಟ್ಟಿ?" ಅಂದ. ಯಾರಿಗೆ ಛುಟ್ಟಿ ಅಂತ, ಅವನಿಗೆ ನಮ್ಮ ಪ್ರಶ್ನೆಯೇ ಅರ್ಥವಾಗಲಿಲ್ಲ.

ರತ್ನಾಬಾಯಿ ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟಳು. "ಇಷ್ಟು ದೊಡ್ಡ ಮನಿ ಕಟ್ಟಿ ಒಳಗ ಮಂದೀನ ಇಲ್ಲಂದ್ರ ಏನ್ ಅನ್ನಬೇಕ್ರೀ ಇದಕ್ಕ?" ಅಂದಳು. ರಿಕ್ಷಾದಲ್ಲಿ ಅವಳನ್ನು ಕೋಪರಖೈರಣೆಯ ಮನೆಗೆ ಬಿಟ್ಟು ಬಂದೆ. ಅವಳ ಆಸೆಯನ್ನು ನಾನೇ ಕೈಯಾರೆ ಮುರಿದಂತೆ ನನಗೆ ಸಂಕಟವಾಯಿತು. ಆದರೂ ನೋಡಿದ್ದು ಒಳ್ಳೆಯದೇ ಆಯಿತು.

ಮಾರನೆಯ ದಿನ ಪ್ರಭುದೇವನನ್ನು ಹೋಟೆಲಿನ ಮುಂದೆ ಹಿಡಿದುಕೊಂಡೆ. "ತಪ್ಪೇನೈತ್ರೀ?" ಅಂತ ಅವನು ಜೋರು ಮಾಡಿದ. "ಅವರೂ ಉದ್ಯೋಗ ಅಂದ್ರು, ನಾನೂ ಉದ್ಯೋಗ ಅಂದೆ."

"ಅದೇ ತಪ್ಪು ಮಾರಾಯ್ರೇ. ನೀವು ಅನುವಾದವೇ ಮಾಡ್ಲಿಲ್ಲ" ಅಂದೆ.

ಅವನು ಎದುರಿನ ತುಕ್ಕು ಹಿಡಿದ ಗೇಟನ್ನು ನೋಡುತ್ತಾ ನಿಂತ. ಅದು ಮುಚ್ಚಿದ ದಿನದಿಂದ ಮತ್ತೆ ತೆರೆಯುತ್ತದೆ ಅಂತ ಕಾಯುತ್ತಿದ್ದವರಲ್ಲಿ ಅವನೇ ಮೊದಲನೆಯವನು. "ಮಂದಿಗೆ ನಾನ ಹೇಳ್ತೀನಿ" ಅಂದ, ಗಾಳೆಯಿಂದ ಗಾಳೆಗೆ ನನ್ನ ಜೊತೆಗೇ ಬಂದ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕಟ್ಟುವಾಗ ಕೂಲಿಯವರು ಬರುತ್ತಾರಲ್ಲ, ತನ್ನ ಬೇಕರಿಯ ಪಾವು ತಿನ್ನುತ್ತಾರಲ್ಲ ಅಂತ ಮುಂಡಪ್ಪನ ಲೆಕ್ಕ. "ಕಟ್ಟಿ ಮುಗಿದ ಮೇಲೆ ಗೋಡೆಗೆ ತಿನ್ನಿಸ್ತೀರಾ ಪಾವು?" ಅಂತ ಕೇಳಿ ಬಂದೆ.

ಶನಿವಾರ ಮಧ್ಯಾಹ್ನ ಚಂದ್ರಾಮ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಹೋಟೆಲಿಗೆ ಬಂದ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಕಾಕೂ, ಅವ್ವಗ ಯಾಕ್ ಭಡ್ಕಾಸ್ತೀರಿ, ಯಾಕ್ ತಲಿ ಕೆಡಸ್ತೀರಿ? ನೂರ್ ಜನಕ್ಕ ನೋಕರಿ ಇಲ್ಲ, ಮಾನ್ಯ. ಏಕ್ ಕೋ ತೋ ಮಿಲೇಗಾ ನಾ? ಆ ಒಬ್ಬವ ನಾನ್ಯಾಕ ಆಗಬಾರ್ದು?"

ಅವನಿಗೆ ಸಿಗಬಾರದು ಅಂತ ನಾನು ಹೇಳಲಾರೆ. ಸಿಗುತ್ತದೆ ಅಂತಲೂ ಹೇಳಲಾರೆ. ಚಹಾ ಕೊಟ್ಟೆ, ಕುಡಿಯದೇ ಹೋದ. ನನ್ನ ಹೋಟೆಲು ಉಳಿಯಬೇಕಾದರೆ ರತ್ನಾಬಾಯಿಯ ಕೈ ಕೆಳಗಿರಬೇಕು; ಅವಳನ್ನು ನೋಡಿ ನಿರ್ಧರಿಸುವವರು ಸಾಲಿನಲ್ಲಿ ಎಷ್ಟೋ ಜನ. ಅವಳ ಮಗನಿಗೋ ಆ ಕೈ ಮೇಲೇಳಬೇಕು. ಆಮೇಲೆ ಅವಳ ಖಾನಾವಳಿಗೆ ಮತ ಕೇಳಲಿಕ್ಕೆ ನಾನು ಹೋಗಲಿಲ್ಲ.

ಭಾನುವಾರ ಸಭೆ ತುಂಬಿತ್ತು. ವಿಶಾಲ್ ಮುಂದಿನ ಸಾಲಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಚಂದ್ರಾಮ ಬಾಗಿಲಿಗೆ ಒರಗಿ ನಿಂತಿದ್ದ. ಸಾಹೇಬ ಮತ್ತೆ ಉದ್ಯೋಗದ ಮಾತೆತ್ತಿದ. ನಾನು ಏಳಬೇಕು ಅನ್ನುವಷ್ಟರಲ್ಲಿ ರತ್ನಾಬಾಯಿ ಎದ್ದಳು. ಅವಳು ಸಭೆಯಲ್ಲಿ ಯಾವತ್ತೂ ಮಾತಾಡಿದವಳಲ್ಲ. ಸೆರಗು ಎಳೆದುಕೊಂಡು ನೇರವಾಗಿ ಕನ್ನಡದಲ್ಲೇ ಕೇಳಿದಳು:

"ಸಾಹೇಬ್ರ, ನನ್ನ ಮಗನ ಹೆಸರು ಚಂದ್ರಾಮ. ನಿಮ್ಮ ಉದ್ಯೋಗದಾಗ ಅವಗ ಉದ್ಯೋಗ ಐತೇನು?"

ಸಾಹೇಬ ಪ್ರಭುದೇವನ ಮುಖ ನೋಡಿದ. ಪ್ರಭುದೇವ ಸ್ಪಷ್ಟವಾಗಿ, "ತುಮ್ಚ್ಯಾ ಉದ್ಯೋಗಾತ್ ತ್ಯಾಲಾ ನೋಕರೀ ಆಹೇ ಕಾ?" ಅಂದ. ಸಭೆಯ ಮರಾಠಿ ಜನವೂ ಈಗ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರ ಮನೆಯಲ್ಲೂ ಚಂದ್ರಾಮರಿದ್ದಾರೆ.

ಸಾಹೇಬ ನಗುತ್ತಲೇ ಹೇಳಿದ. ನೇರ ಕೆಲಸಗಳು ಬಹಳ ಕಡಿಮೆ, ಅವೂ ದೊಡ್ಡ ಓದಿನವು. ಆದರೆ ಅಪ್ರತ್ಯಕ್ಷ ರೋಜಗಾರ್ ಬೇಕಾದಷ್ಟು ಹುಟ್ಟುತ್ತದೆ. ಪರೋಕ್ಷವಾಗಿ, ಅಲ್ಲಿಲ್ಲಿ, ಅಂತ ಅವನ ಅರ್ಥ.

"ಅಪ್ರತ್ಯಕ್ಷ ಅಂದ್ರ ಕಣ್ಣಿಗೆ ಕಾಣದ್ದು ಅಲ್ಲೇನ್ರೀ?" ಅಂದಳು ರತ್ನಾಬಾಯಿ. "ಖರೇ ಐತಿ. ನಾ ಮಹಾಪೆಗೆ ಹೋಗಿ ನೋಡಿ ಬಂದೀನಿ. ಏನೂ ಕಾಣಲಿಲ್ಲ."

ಕನ್ನಡದವರು ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಕೂತು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಸಾಲು ಬಿಟ್ಟುಕೊಡುವ ಠರಾವನ್ನು ಮತಕ್ಕೆ ಹಾಕಿದರು. ಮುಂದಿನ ಸಾಲಿನಲ್ಲಿ ಕೈಗಳು ಎದ್ದವು. ವಿಶಾಲ್ ಉಂಗುರದ ಕೈ ಎತ್ತಿಕೊಂಡೇ ಹಿಂದೆ ತಿರುಗಿ ನೋಡಿದ, ಅವನ ಬಾಡಿಗೆದಾರರಿಗೆ ಮತವಿಲ್ಲ ಅನ್ನುವುದು ಆಗ ನೆನಪಾಯಿತೇನೋ. ಮುಂಡಪ್ಪ ಕೈಯನ್ನು ಅರ್ಧ ಎತ್ತಿ, ರತ್ನಾಬಾಯಿಯನ್ನು ನೋಡಿ, ತಲೆ ಕೆರೆದುಕೊಂಡು ಇಳಿಸಿದ. ಮೂರರಲ್ಲಿ ಎರಡು ಪಾಲು ಬೇಕಿತ್ತು, ಅರ್ಧವೂ ಆಗಲಿಲ್ಲ. ಠರಾವು ಬಿದ್ದುಹೋಯಿತು. ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆದರೆ ಬಾಗಿಲಲ್ಲಿ ಚಂದ್ರಾಮ ಇರಲಿಲ್ಲ, ಹೊರಗೆ ಬೈಕು ಹೊರಟ ಸದ್ದು ಕೇಳಿತು. ರತ್ನಾಬಾಯಿಗೂ ಕೇಳಿತು. ಅವಳ ಕೈ ಹಿಡಿದುಕೊಂಡೆ.

"ಗೆದ್ವಿ ಅಂತ ಮನಿಗೆ ಹೋದ್ರ ಅವಗ ನಾ ಏನು ಹೇಳ್ಲಿ ಅಕ್ಕಾ?" ಅಂದಳು ಮೆಲ್ಲಗೆ. "ಬರೇ ಬ್ಯಾಡ ಅಂದ್ರ ಸಾಲೂದಿಲ್ಲ. ಬೇಕಾದದ್ದೂ ಹೇಳಬೇಕು."

ಆಗ ಅಧ್ಯಕ್ಷರ ಅನುಮತಿ ಕೇಳಿ ನಾನು ಎದ್ದು ನಿಂತು ನಮ್ಮದೇ ಠರಾವು ಮಂಡಿಸಿದೆ. ಸಾಲು ಇದ್ದ ಜಾಗದಲ್ಲೇ ಇರುತ್ತದೆ. ಯಾವ ಕಂಪನಿಯೇ ಬರಲಿ, ಕ್ಯಾಂಟೀನು ಈ ಸಾಲಿನವರಿಗೆ. ವಾಚ್‌ಮನ್ ಕೆಲಸದಿಂದ ವೈರಿಂಗ್ ಕೆಲಸದವರೆಗೆ ಮೊದಲ ಅವಕಾಶ ಈ ಸಾಲಿನ ಮಕ್ಕಳಿಗೆ, ಕಂತ್ರಾಟಿನದ್ದಲ್ಲ, ಕಾಯಂ. ಉದ್ಯೋಗ ಅನ್ನುವ ಶಬ್ದ ಠರಾವಿನಲ್ಲಿ ಎಲ್ಲಿಯೂ ಬರಕೂಡದು, ನೋಕರಿ ಅಂತಲೇ ಇರಬೇಕು. ಪ್ರಭುದೇವ ಅದನ್ನು ಮರಾಠಿಯಲ್ಲಿ ಹೇಳಿ ಮುಗಿಸುವುದರೊಳಗೆ ಹಿಂದಿನ ಸಾಲುಗಳಲ್ಲಿ ಕೈಗಳು ಎದ್ದಾಗಿತ್ತು. ಮೊದಲು ಎದ್ದದ್ದು ರತ್ನಾಬಾಯಿಯ ಕೈ.

ಸಾಹೇಬ ಲ್ಯಾಪ್‌ಟಾಪು ಮುಚ್ಚಿದ. ಇಂಥ ಷರತ್ತನ್ನು ಜಗತ್ತಿನ ಯಾವ ಕಂಪನಿಯೂ ಒಪ್ಪುವುದಿಲ್ಲ, ಮತ್ತೆ ಮತ್ತೆ ಬರಲಿಕ್ಕೆ ನಮಗೆ ಪುರಸೊತ್ತಿಲ್ಲ ಅಂದ. ಪ್ರಭುದೇವ ಅದನ್ನೂ ಕನ್ನಡದಲ್ಲಿ ಹೇಳಿದ.

ರತ್ನಾಬಾಯಿಯ ಕೈ ಇನ್ನೂ ಇಳಿದಿರಲಿಲ್ಲ.

"ನಮಗ ಐತ್ರೀ ಪುರಸೊತ್ತು" ಅಂದಳು. "ನಿಮಗ ಯಾವಾಗ ಆಗ್ತದ ಆವಾಗ ಬರ್ರಿ. ನಾವು ಇಲ್ಲೇ ಇರ್ತೀವಿ."