ವಿಶ್ರಾಂತಿ ಪಡೆದ ಲೋಹ

ನಮ್ಮ ಎರಕದ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಕುಲುಮೆಯ ಮೇಸ್ತ್ರಿ ನನ್ನ ದೊಡ್ಡಪ್ಪ. ಪಕ್ಕದ ಕೋಣೆಯಲ್ಲಿ ಲೋಹ ಪರೀಕ್ಷಿಸುವವಳು ನಾನು. ಗಾಲಿಕುರ್ಚಿಗೆಂದು ಎರೆದ ಕಾಲುಹಲಗೆಗಳು ಎರಡು ಸಲ ಪರೀಕ್ಷೆಯಲ್ಲಿ ಬಿರುಕು ಬಿಟ್ಟಿದ್ದವು. ಮೂರನೆಯ ಸಲವೂ ಹೀಗೇ ಆದರೆ ಕುಲುಮೆ ಆರಿಸಿಬಿಡುತ್ತೇನೆ ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು. ದೊಡ್ಡಪ್ಪನಿಗೆ ಆ ಕುಲುಮೆ ಬಿಟ್ಟರೆ ಬೇರೆ ಪ್ರಪಂಚವಿಲ್ಲ.

ಮುರಿದ ತುಂಡನ್ನು ಉಜ್ಜಿ, ಆಮ್ಲ ಹಚ್ಚಿ ನೋಡಿದೆ. ಒಳಗಿನ ಹರಳುಗಳು ಹೆಸರುಕಾಳಿನಷ್ಟು ದಪ್ಪ! ಹರಳು ದಪ್ಪಗಿದ್ದಷ್ಟೂ ಲೋಹ ಬೇಗ ಬಿರುಕು ಬಿಡುತ್ತದೆ. ಅವು ಸಣ್ಣಗಿರಲೆಂದೇ ಕುಲುಮೆಗೆ ಟೈಟಾನಿಯಂ ಬೆರೆತ ಸರಳು ಹಾಕುತ್ತೇವೆ. ಲೋಹ ಗಟ್ಟಿಯಾಗುವಾಗ, ಆ ಸರಳಿನಿಂದ ಬಂದು ಕರಗದೆ ಉಳಿದ ಒಂದೊಂದು ಕಣದ ಮೇಲೂ ಒಂದೊಂದು ಹರಳು ಹುಟ್ಟುತ್ತದೆ. ಹರಳುಗಳು ಹೆಚ್ಚಾದಷ್ಟೂ ಯಾವುದಕ್ಕೂ ದಪ್ಪಗಾಗಲು ಜಾಗವಿರುವುದಿಲ್ಲ. ಸರಳನ್ನಂತೂ ಹಾಕಿದ್ದರು. ಕಣಗಳು ಎಲ್ಲಿಗೆ ಹೋದವು?

ಒಂದು ಬೆಳಿಗ್ಗೆ ಕುಲುಮೆಯ ಬಳಿ ನಿಂತೆ, ಗೊತ್ತಾಯಿತು. ದೊಡ್ಡಪ್ಪ ಸರಳು ಕರಗಿಸಿ, ಮುಚ್ಚಳ ಮುಚ್ಚಿ, ಮುಕ್ಕಾಲು ಗಂಟೆ ಯಾರನ್ನೂ ಹತ್ತಿರ ಬಿಡಲಿಲ್ಲ. ಕಸ ತೇಲಿ ಬರಲೆಂದು ಲೋಹಕ್ಕೆ ವಿಶ್ರಾಂತಿ ಕೊಡುವುದು ಅವರ ಗುರು ಕಲಿಸಿದ ಪಾಠ. ಆ ಗುರುವಿನ ಕಾಲದಲ್ಲಿ ಈ ಸರಳೇ ಇರಲಿಲ್ಲ.

"ದೊಡ್ಡಪ್ಪ, ಆ ಕಣ ಭಾರ. ಸುಮ್ನೆ ಬಿಟ್ರೆ ತಳಕ್ಕೆ ಹೋಗಿ ಕೂತ್ಕೊಳ್ಳುತ್ತೆ. ವಿಶ್ರಾಂತಿ ಮೊದಲೇ ಕೊಟ್ಬಿಡಿ. ಆಮೇಲೆ ಸರಳು ಹಾಕಿ, ತಳದಿಂದ ಕಲಕಿ, ತಕ್ಷಣ ಸುರೀರಿ."

"ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು, ನನಗೇ ಕಲಿಸ್ತೀಯಾ?"

"ಹೌದು, ಕಲಿಸ್ತೀನಿ! ಇಲ್ಲಾಂದ್ರೆ ನೀವೂ ಮನೇಲಿ ವಿಶ್ರಾಂತಿ ತಗೋಬೇಕಾಗುತ್ತೆ!"

ಮೂಗಿನ ತುದಿಯ ಕೋಪ ನಮ್ಮ ಮನೆತನದ ಆಸ್ತಿ. ಆದರೂ ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎರಡು ದಿನ ಅವರು ನನ್ನ ಮುಖ ನೋಡಲಿಲ್ಲ.

ಮೂರನೆಯ ಎರಕದ ದಿನ ಹೋಗಿ ನೋಡಿದರೆ ಲೋಹದ ವಿಶ್ರಾಂತಿ ಮುಗಿದು ಕಸ ತೆಗೆದಾಗಿತ್ತು, ಸರಳು ಇನ್ನೂ ದೊಡ್ಡಪ್ಪನ ಕೈಯಲ್ಲೇ ಇತ್ತು. ನನ್ನತ್ತ ಒಮ್ಮೆ ದುರುಗುಟ್ಟಿ ನೋಡಿ ಅದನ್ನು ಒಳಗಿಳಿಸಿದರು. ತಳ ಮುಟ್ಟಿಸಿ ಕಲಕಿದರು. ತಡಮಾಡದೆ ಅಚ್ಚಿಗೆ ಸುರಿದರು.

ಈ ಸಲ ಆಮ್ಲ ಹಚ್ಚಿದರೂ ಬರಿಗಣ್ಣಿಗೆ ಹರಳೇ ಕಾಣಲಿಲ್ಲ. ಪರೀಕ್ಷೆಯ ಯಂತ್ರ ಕಾಲುಹಲಗೆಯನ್ನು ಒತ್ತಿತು, ಮತ್ತೂ ಒತ್ತಿತು. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ! ಮಾಲೀಕರು ತಲೆಯಾಡಿಸಿ ಸಹಿ ಹಾಕಿದರು. ನಾನು ಖುಷಿ ತಡೆಯಲಾರದೆ ಮೇಜು ಕುಟ್ಟಿದೆ.

ದೊಡ್ಡಪ್ಪ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒತ್ತೊತ್ತಾಗಿ ಕೂತ ಹರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ ಇಡೀ ಕಾರ್ಖಾನೆಗೆ ಕೇಳುವಂತೆ ಕೂಗಿದರು: "ಎಲ್ಲರೂ ಬನ್ರೋ! ನನ್ನ ಮಗಳು ನನಗೆ ಕಲಿಸಿದ್ದನ್ನ ನೋಡ್ಬನ್ನಿ!"