ಹೊಸ ನೀರು

ನನ್ನ ಮದುವೆಯ ದಿನ ಶಿವಮೊಗ್ಗದಲ್ಲಿ ಒಂದು ಹನಿ ಮಳೆಯೂ ಬೀಳಲಿಲ್ಲ. ಬಿದ್ದಿದ್ದರೆ ನನ್ನ ಬದುಕೇ ಬೇರೆಯಾಗುತ್ತಿತ್ತು.

ನಾವು ಕುಂಸಿ ಕಡೆಯವರು. ನಮಗೆ ಕೆರೆ ಗೊತ್ತು, ಹೊಳೆ ಗೊತ್ತಿಲ್ಲ. ಆಷಾಢಕ್ಕೆ ಮುಂಚಿನ ಕೊನೆಯ ಲಗ್ನವೆಂದು ಅಪ್ಪ ತುಂಗೆಯ ದಂಡೆಯ ಛತ್ರ ಹಿಡಿದಿದ್ದರು. ಗಂಡು ಆಗುಂಬೆ ಕಡೆಯ ರಾಮಚಂದ್ರಪ್ಪ. ಹೆಣ್ಣು ನೋಡಲು ಬಂದಾಗ ಅವನು ಅಪ್ಪನೊಡನೆ ಆಡಿದ ಮಾತನ್ನು ಬಾಗಿಲ ಸಂದಿಯಿಂದ ಕೇಳಿದ್ದೆ.

“ನಮ್ಮ ಘಟ್ಟ ಭಾರೀ ಜಿಪುಣ ಗೌಡ್ರೇ. ಸಮುದ್ರದಿಂದ ಬಂದ ಮೋಡಾನ ಹಿಡಿದು ಅಲ್ಲೇ ಹಿಂಡ್ಕೊಳ್ಳುತ್ತೆ. ನಿಮ್ಮ ಕಡೆಗೆ ಬರೋದು ಹಿಂಡಿದ ಬಟ್ಟೆ. ನಮ್ಮ ಮಳೆ ನೋಡ್ಬೇಕಂದ್ರೆ ನೀವು ಹೊಳೇಲೇ ನೋಡ್ಬೇಕು.”

ಅಪ್ಪ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ನನಗೆ ಅವನು ಹಿಡಿಸಿದ್ದೇ ಆ ಮಾತಿಗೆ.

ಮದುವೆಯ ಬೆಳಿಗ್ಗೆ ಗಂಡಿನ ಬದಲು ತಂತಿ ಬಂತು: ಭಾರೀ ಮಳೆ, ದಾರಿಯ ಹಳ್ಳ ತುಂಬಿದೆ, ಸಂಜೆಗೆ ಬರುತ್ತೇವೆ. ಲಗ್ನವಿದ್ದದ್ದು ಮಧ್ಯಾಹ್ನ. ಅಪ್ಪ ಅಂಗಳಕ್ಕಿಳಿದು ಆಕಾಶ ನೋಡಿದರು. ಹಪ್ಪಳ ಒಣಗುವಂಥ ಬಿಸಿಲು.

“ಮಳೆಯಂತೆ ಮಳೆ! ನನ್ನ ಕಿವಿ ಮೇಲೆ ಹೂ ಇಡ್ತಾರೆ,” ಎಂದು ಕೂಗಾಡಿದರು.

ನೆಂಟರ ಮುಂದೆ ಮಾನ ಹೋಗಬಾರದೆಂದು ಹಿರಿಯರು ಕೂತು ಮಾತಾಡಿದರು. ನನ್ನ ಸೋದರಮಾವ ಭೈರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ, ಹೆಂಡತಿ ತೀರಿಕೊಂಡಿದ್ದಳು. ಹಸೆಗೆ ಅವನನ್ನೇ ಕೂರಿಸುವುದೆಂದಾಯಿತು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವನು! ಅವನೂ ತಲೆ ತಗ್ಗಿಸಿ ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ. ಕೋಣೆಯ ಬಾಗಿಲಿಗೆ ಅತ್ತೆಯರಿಬ್ಬರು ಅಡ್ಡ ಕೂತರು.

ಅಷ್ಟರಲ್ಲಿ ಗಂಗೆ ತರಲು ಹೊಳೆಗೆ ಹೋಗಿದ್ದ ಹೆಂಗಸರು ಬಂದು ಬಿಂದಿಗೆ ಇಳಿಸಿದರು. ನೀರು ಇಟ್ಟಿಗೆ ಬಣ್ಣಕ್ಕಿತ್ತು.

“ದನ ಇಳಿದು ರಾಡಿ ಮಾಡಿವೆ ಮಾರಾಯ್ತಿ,” ಎಂದಳು ಶೇಷಮ್ಮ ಚಿಕ್ಕಮ್ಮ. “ನಿನ್ನೆ ಕೂತಿದ್ದ ಮೆಟ್ಟಿಲು ಇವತ್ತು ಕಾಣ್ಸೋದೇ ಇಲ್ಲ.”

ನಾನು ಅತ್ತೆಯರನ್ನು ದಾಟಿ ಹೋಗಿ ಬಿಂದಿಗೆಯನ್ನು ಅಪ್ಪನ ಮುಂದೆ ಕುಕ್ಕಿದೆ.

“ಅಪ್ಪಾ, ಹೊಳೆಗೆ ಹೊಸ ನೀರು ಬಂದಿದೆ. ಇಲ್ಲಿ ಮಳೆ ಇಲ್ಲ. ಮತ್ತೆ ಇದು ಎಲ್ಲಿಂದ ಬಂತು? ಅವ್ರು ಸುಳ್ಳು ಹೇಳಿಲ್ಲ.”

ಅಪ್ಪ ಬಿಂದಿಗೆಯೊಳಗೆ ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು, ಮುಖದಲ್ಲೇ ಕಂಡೆ.

“ಲಗ್ನ ಮೀರುತ್ತೆ ಮಗಾ. ಭೈರಂಗೆ ಮಾತು ಕೊಟ್ಟಾಯ್ತು,” ಎಂದರು.

ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅದೇ ನೀರನ್ನು ಹಾಲಿಗೆ ಬೆರೆಸಿ ಧಾರೆ ಎರೆದರು.

ಸಂಜೆ ಆಗುಂಬೆಯವರು ಬಂದರು. ಒಣ ಅಂಗಳದಲ್ಲಿ ಅವರಷ್ಟೇ ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಅಪ್ಪ ತಲೆಯೆತ್ತದೆ, “ಊಟ ಮಾಡ್ಕೊಂಡು ಹೋಗಿ,” ಎಂದರು. ಕಾಲಿಗೆ ನೀರು ಕೊಡಲು ಯಾರೂ ಏಳಲಿಲ್ಲ. ನಾನೇ ಎದ್ದು, ಬಿಂದಿಗೆಯಲ್ಲಿ ಉಳಿದದ್ದನ್ನು ಚೊಂಬಿಗೆ ಬಗ್ಗಿಸಿ ಕೊಟ್ಟೆ. ರಾಮಚಂದ್ರಪ್ಪ ಮೊದಲು ನೀರನ್ನು ನೋಡಿದ, ಆಮೇಲೆ ನನ್ನ ಕೊರಳನ್ನು.

“ನಮ್ಮೂರ ನೀರು ನನಗಿಂತ ಮೊದ್ಲೇ ಬಂದಿತ್ತಲ್ಲ?”

“ಬಂದಿತ್ತು,” ಎಂದೆ. “ಅದ್ರಲ್ಲೇ ಧಾರೆ ಎರೆದ್ರು.”